ಓಡಿ ಬಂದವರು ಯಾರ ಮನೆ ಬಾಗಿಲು ತಟ್ಟಿದರು?

ಪ್ರೀತಿಯ ಗೆಳೆಯಾ,

ಹೋದ ಭಾನುವಾರ ಫೋನಿನಲ್ಲಿ ನೀನು ಕೇಳಿದ್ದಕ್ಕೆ ನಾನು ಸರಿಯಾಗಿ ಉತ್ತರ ಕೊಡಲಿಲ್ಲ. ಇಡೀ ವಾರ ಅದೇ ತಲೆಯಲ್ಲಿ ಕೂತಿತ್ತು. ನಿನ್ನ ಏಳನೇ ಕ್ಲಾಸಿನ ಸಿದ್ದಿ ಹುಡುಗಿ ಎದ್ದು ನಿಂತು ಕೇಳಿದಳಂತಲ್ಲ, "ಸರ್, ಅಮೆರಿಕದಲ್ಲಿ ಗುಲಾಮರು ಓಡಿ ಹೋಗ್ತಿದ್ರು ಅಂದ್ರಿ. ರಾತ್ರಿ ಹೊತ್ತು ಯಾರ ಮನೆ ಬಾಗಿಲು ತಟ್ತಿದ್ರು?" ಅಂತ. ನೀನು ಅಂಡರ್‌ಗ್ರೌಂಡ್ ರೈಲ್‌ರೋಡ್ ಅಂದೆ. ಹಳಿಯಿಲ್ಲದ, ಗಾಡಿಯಿಲ್ಲದ, ಗುಟ್ಟಾಗಿ ಜನರನ್ನು ದಾಟಿಸುವ ದಾರಿಗೆ ಆ ಹೆಸರು ಅಂತ ವಿವರಿಸಿದೆ. ದೀಪ ಹಿಡಿದು ನಿಂತ ಕ್ವೇಕರ್ ಎಂಬ ಕ್ರೈಸ್ತ ಪಂಥದ ಬಿಳಿ ಜನರ ಬಗ್ಗೆಯೂ ಹೇಳಿದೆ. ಅವಳಿಗೆ ಸಮಾಧಾನ ಆಗಲಿಲ್ಲ. "ಅವರ ಪೈಕಿ ಜನ ಯಾರೂ ಇರ್ಲಿಲ್ವಾ ಸರ್?" ಅಂತ ಮತ್ತೆ ಕೇಳಿದಳು.

ಇದ್ದರು ಕಣೋ. ಬೇಕಾದಷ್ಟು ಜನ ಇದ್ದರು. ಓಡಿ ಬಂದವರಲ್ಲಿ ಹೆಚ್ಚಿನವರು ಮೊದಲು ತಟ್ಟಿದ್ದು ಅವರ ಪೈಕಿಯವರ, ಅಂದರೆ ಕಪ್ಪು ಜನರ ಬಾಗಿಲನ್ನೇ. ಯೋಚಿಸಿ ನೋಡು. ಬೆನ್ನಿಗೆ ಬಾಸುಂಡೆ ಬಿದ್ದವನು, ಹುಟ್ಟಿದಾಗಿನಿಂದ ಬಿಳಿ ಮುಖ ಕಂಡರೆ ನಡುಗಿದವನು, ಕತ್ತಲಲ್ಲಿ ಗೊತ್ತಿಲ್ಲದ ಊರಿಗೆ ಬಂದು ಯಾರನ್ನು ನಂಬುತ್ತಾನೆ? ಕ್ವೇಕರರಲ್ಲಿ ನಿಜಕ್ಕೂ ದೊಡ್ಡ ಮನಸ್ಸಿನವರಿದ್ದರು, ಅದನ್ನು ನಾನು ಅಲ್ಲಗಳೆಯುವುದಿಲ್ಲ. ಆದರೆ ಆ ಹೊತ್ತಿನಲ್ಲಿ ಕಣ್ಣು ಹುಡುಕುವುದು ತನ್ನಂಥದೇ ಮುಖವನ್ನು, ಅಲ್ವಾ?

ಆ ಹುಡುಗಿ ಇದನ್ನು ಕೇಳಿದ್ದರಲ್ಲಿ ನನಗೆ ಆಶ್ಚರ್ಯವೇನೂ ಇಲ್ಲ. ಅವಳ ಹಿರೀಕರನ್ನು ಪೋರ್ಚುಗೀಸರು ಆಫ್ರಿಕದಿಂದ ಹಡಗಿನಲ್ಲಿ ಗೋವಾಕ್ಕೆ ತಂದರು. ತಪ್ಪಿಸಿಕೊಂಡ ಎಷ್ಟೋ ಜನ ಘಟ್ಟ ಹತ್ತಿ ಯಲ್ಲಾಪುರ, ಹಳಿಯಾಳದ ಕಾಡು ಸೇರಿದರು. ಅವರಿಗೂ ಯಾವುದೋ ರಾತ್ರಿ ಈ ಪ್ರಶ್ನೆ ಎದುರಾಗಿರಬೇಕು.

ನಾನಿರುವ ನ್ಯೂಜೆರ್ಸಿಯ ಈ ಊರಿನಿಂದ ಫಿಲಡೆಲ್ಫಿಯಾ ಮುಕ್ಕಾಲು ಗಂಟೆ ದಾರಿ. ಹಾಗಾಗಿ ನನಗೆ ಗೊತ್ತಿರುವ ಈ ಭಾಗದ ಕಥೆಯನ್ನೇ ಬರೆಯುತ್ತೇನೆ. ಮೊದಲು ಜಾಗ ತಿಳಿದುಕೋ. ಪೆನ್ಸಿಲ್ವೇನಿಯಾ ರಾಜ್ಯದ ಕೆಳಗೇ ಮೇರಿಲ್ಯಾಂಡ್. ಪೆನ್ಸಿಲ್ವೇನಿಯಾದಲ್ಲಿ 1780ರಲ್ಲೇ ಗುಲಾಮಗಿರಿಯನ್ನು ನಿಧಾನವಾಗಿ ಕೊನೆಗಾಣಿಸುವ ಕಾನೂನು ಬಂದಿತ್ತು. ಮೇರಿಲ್ಯಾಂಡಿನಲ್ಲಿ ಗುಲಾಮಗಿರಿ ಹಾಗೇ ಉಳಿಯಿತು. ನಡುವೆ ಗೋಡೆಯಿಲ್ಲ, ದೊಡ್ಡ ನದಿಯಿಲ್ಲ. ಹೊಲ, ಕಾಡು, ಮತ್ತೆ ಹೊಲ. ಮೇಸನ್ ಡಿಕ್ಸನ್ ಗೆರೆ ಎಂಬ ಗಡಿ ಅಷ್ಟೇ. ಆ ಗೆರೆ ದಾಟಿದವರು ಫಿಲಡೆಲ್ಫಿಯಾ ಕಡೆ ಮುಖ ಮಾಡುತ್ತಿದ್ದರು. 1850ರ ಹೊತ್ತಿಗೆ ಆ ನಗರ ಮತ್ತು ಸುತ್ತಲಿನಲ್ಲಿ ಸುಮಾರು 20,000 ಸ್ವತಂತ್ರ ಕಪ್ಪು ಜನ ಇದ್ದರು.

ಸ್ವತಂತ್ರ ಅನ್ನುವ ಮಾತನ್ನು ಸ್ವಲ್ಪ ತಡೆದು ಓದು. 1838ರಲ್ಲಿ ಪೆನ್ಸಿಲ್ವೇನಿಯಾ ತನ್ನ ಸಂವಿಧಾನ ತಿದ್ದಿ ಕಪ್ಪು ಗಂಡಸರ ಮತದ ಹಕ್ಕನ್ನು ಕಿತ್ತುಕೊಂಡಿತು. ಅದೇ ವರ್ಷ ಗುಲಾಮಗಿರಿ ವಿರೋಧಿಗಳು ಕಟ್ಟಿದ ಹೊಸ ಸಭಾಭವನವನ್ನು ಪುಂಡರ ಗುಂಪು ಸುಟ್ಟು ಹಾಕಿತು. ಭವನ ತೆರೆದು ಒಂದು ವಾರವೂ ಆಗಿರಲಿಲ್ಲ. ಇಂಥ ಊರಿನಲ್ಲಿ ಕೂಲಿ ಮಾಡುತ್ತಾ, ಬಟ್ಟೆ ಒಗೆಯುತ್ತಾ, ಕ್ಷೌರ ಮಾಡುತ್ತಾ, ಹಡಗುಕಟ್ಟೆಯಲ್ಲಿ ಮೂಟೆ ಹೊರುತ್ತಾ ಬದುಕಿದವರು ಅವರು. ಬಾಗಿಲು ತೆಗೆದವರೂ ಅವರೇ.

ಅವರ ಕೈಯಲ್ಲಿ ದುಡ್ಡಿರಲಿಲ್ಲ, ಕೋರ್ಟು ಕಚೇರಿ ಇರಲಿಲ್ಲ. ಆದರೆ ಎಲ್ಲ ಕಡೆ ಅವರ ಕಿವಿ ಇತ್ತು. ಹೋಟೆಲಿನಲ್ಲಿ ಊಟ ಬಡಿಸುವವರು, ಸಾಮಾನು ಹೊರುವವರು, ಬೆಳಿಗ್ಗೆ ಬೂಟು ಒರೆಸಿಡುವವರು ಎಲ್ಲ ಅವರೇ. ಗುಲಾಮಗಿರಿ ಇದ್ದ ದಕ್ಷಿಣದ ರಾಜ್ಯಗಳಿಂದ ಯಜಮಾನ ಊರಿಗೆ ಬಂದ ಸುದ್ದಿ ಪೊಲೀಸರಿಗಿಂತ ಮೊದಲೇ ಅವರಿಗೆ ಮುಟ್ಟುತ್ತಿತ್ತು.

ಜೇನ್ ಜಾನ್ಸನ್ ಕಥೆ ಹೇಳಿದರೆ ನಿನಗೆ ಅರ್ಥವಾಗುತ್ತದೆ. 1855ರ ಜುಲೈ 18. ಜಾನ್ ವೀಲರ್ ಎಂಬ ದೊಡ್ಡ ಅಧಿಕಾರಿ ನಿಕರಾಗುವಾದಲ್ಲಿ ಅಮೆರಿಕದ ರಾಯಭಾರಿಯಾಗಿದ್ದ. ಅಲ್ಲಿಗೆ ಹೊರಟವನು ದಾರಿಯಲ್ಲಿ ಫಿಲಡೆಲ್ಫಿಯಾದ ಒಂದು ಹೋಟೆಲಿನಲ್ಲಿ ಇಳಿದ. ಜೊತೆಗೆ ಗುಲಾಮ ಹೆಂಗಸು ಜೇನ್, ಅವಳ ಇಬ್ಬರು ಗಂಡುಮಕ್ಕಳು. ಮೂರನೆಯ ಮಗನನ್ನು ಆಗಲೇ ಮಾರಿಯಾಗಿತ್ತು. ಕಪ್ಪು ಜನರ ಹತ್ತಿರ ಮಾತಾಡಬೇಡ ಅಂತ ವೀಲರ್ ಅವಳಿಗೆ ಕಟ್ಟುನಿಟ್ಟಾಗಿ ಹೇಳಿದ್ದ. ಅವನು ಊಟಕ್ಕೆ ಹೋದ ಸ್ವಲ್ಪ ಹೊತ್ತು ಸಿಕ್ಕಿತು. ಅಷ್ಟರಲ್ಲೇ ಜೇನ್ ಹೋಟೆಲಿನ ಕೆಲಸದವರ ಕಿವಿಯಲ್ಲಿ ಹೇಳಿಬಿಟ್ಟಳು, ನನಗೆ ಬಿಡುಗಡೆ ಬೇಕು ಅಂತ.

ಸಂಜೆ ನಾಲ್ಕೂವರೆಯ ಸುಮಾರಿಗೆ ಒಬ್ಬ ಹುಡುಗ ಚೀಟಿ ಹಿಡಿದು ಗುಲಾಮಗಿರಿ ವಿರೋಧಿ ಸಂಘದ ಕಚೇರಿಗೆ ಓಡಿದ. ಅಲ್ಲಿದ್ದವನು ವಿಲಿಯಂ ಸ್ಟಿಲ್. ಐದು ಗಂಟೆಗೆ ವೀಲರನ ದೋಣಿ ಹೊರಡುವುದಿತ್ತು. ಸ್ಟಿಲ್ ಮತ್ತು ಪಾಸ್‌ಮೋರ್ ವಿಲಿಯಂಸನ್ ಎಂಬ ಬಿಳಿ ಗೆಳೆಯ ಕಟ್ಟೆಗೆ ಓಡಿದರು. ದೋಣಿಯ ಮೇಲಂತಸ್ತಿನಲ್ಲಿ ಜೇನ್ ಕೂತಿದ್ದಳು. ಪೆನ್ಸಿಲ್ವೇನಿಯಾದ ಕಾನೂನಿನ ಪ್ರಕಾರ ನೀನು ಈಗಲೇ ಸ್ವತಂತ್ರಳು, ಬೇಕಾದರೆ ಎದ್ದು ಬಾ ಅಂದರು. ಅವಳು ಎದ್ದಳು. ವೀಲರ್ ತಡೆಯಲು ಹೋದ. ಆಗ ಕಟ್ಟೆಯಲ್ಲಿ ಮೂಟೆ ಹೊರುವ ಐವರು ಕಪ್ಪು ಕೂಲಿಯವರು ನಡುವೆ ಬಂದರು. ಅವಳು ಮಕ್ಕಳೊಂದಿಗೆ ಇಳಿದು ಗಾಡಿ ಹತ್ತುವವರೆಗೆ ಅವನನ್ನು ಹಿಡಿದು ನಿಲ್ಲಿಸಿದರು.

ಆ ಐವರ ಹೆಸರು ಬರೆದುಕೋ. ಜಾನ್ ಬ್ಯಾಲರ್ಡ್, ವಿಲಿಯಂ ಕರ್ಟಿಸ್, ಜೇಮ್ಸ್ ಮಾರ್ಟಿನ್, ಜೇಮ್ಸ್ ಬ್ರ್ಯಾಡಕ್, ಐಸಾಯ ಮೂರ್. ಆ ದಿನದ ಕೂಲಿ ಹೋದರೆ ಮನೆಯಲ್ಲಿ ಒಲೆ ಉರಿಯುವುದೂ ಕಷ್ಟ ಎನ್ನುವ ಜನ. ಸರ್ಕಾರದ ರಾಯಭಾರಿಯ ಮೈಮೇಲೆ ಕೈ ಹಾಕಿದರು. ಸ್ಟಿಲ್ ಮೇಲೆ, ಈ ಐವರ ಮೇಲೆ ಕೇಸು ಬಿತ್ತು. ವಿಲಿಯಂಸನ್ ಮೂರು ತಿಂಗಳಿಗೂ ಜಾಸ್ತಿ ಜೈಲಿನಲ್ಲಿದ್ದ. ಆಗ ಜೇನ್ ಏನು ಮಾಡಿದಳು ಗೊತ್ತಾ? ದೂರ ಹೋಗಿ ಸುರಕ್ಷಿತವಾಗಿದ್ದವಳು ಅವರಿಗಾಗಿ ಫಿಲಡೆಲ್ಫಿಯಾದ ಕೋರ್ಟಿಗೆ ವಾಪಸ್ ಬಂದಳು. ಮುಖದ ಮೇಲೆ ಪರದೆ ಹಾಕಿಕೊಂಡು ಬಂದು ಸಾಕ್ಷಿ ಕಟ್ಟೆ ಹತ್ತಿದಳು. ನನ್ನನ್ನು ಯಾರೂ ಎಳೆದು ತರಲಿಲ್ಲ, ನಾನಾಗೇ ಬಂದೆ ಅಂದಳು. ಹೊರಗೆ ಅವಳನ್ನು ಹಿಡಿಯಲು ಕೇಂದ್ರ ಸರ್ಕಾರದ ಅಧಿಕಾರಿಗಳು ಕಾದಿದ್ದರು. ಅವಳ ಕಡೆಯವರು ಸುತ್ತುವರಿದು ಗಾಡಿ ಹತ್ತಿಸಿ ದಾಟಿಸಿದರು. ಈ ಭಾಗಕ್ಕೆ ಬಂದಾಗಲೆಲ್ಲ ನನಗೆ ಮೈ ಜುಮ್ಮೆನ್ನುತ್ತದೆ.

ಈಗ ವಿಲಿಯಂ ಸ್ಟಿಲ್ ಬಗ್ಗೆ ಹೇಳಲೇಬೇಕು. 1821ರಲ್ಲಿ ನ್ಯೂಜೆರ್ಸಿಯಲ್ಲಿ ಹುಟ್ಟಿದವನು, ಹದಿನೆಂಟು ಮಕ್ಕಳಲ್ಲಿ ಕೊನೆಯವನು. ಅಪ್ಪ ಲೆವಿನ್ ದುಡಿದು ತನ್ನ ಬಿಡುಗಡೆಯನ್ನು ತಾನೇ ಕೊಂಡುಕೊಂಡಿದ್ದ. ಅಮ್ಮ ಸಿಡ್ನಿ ಮೇರಿಲ್ಯಾಂಡಿನಿಂದ ನಾಲ್ಕು ಮಕ್ಕಳೊಂದಿಗೆ ಓಡಿ ಬಂದಿದ್ದಳು. ಹಿಡಿದು ವಾಪಸ್ ಒಯ್ದರು. ಎರಡನೇ ಸಲ ಓಡುವಾಗ ನಾಲ್ವರನ್ನೂ ಕರೆತರುವುದು ಅವಳ ಕೈಯಲ್ಲಿ ಆಗಲಿಲ್ಲ. ಇಬ್ಬರು ಹೆಣ್ಣುಮಕ್ಕಳನ್ನು ಕರೆದುಕೊಂಡಳು. ಮಲಗಿದ್ದ ಇಬ್ಬರು ಗಂಡುಮಕ್ಕಳನ್ನು, ಲೆವಿನ್ ಮತ್ತು ಪೀಟರ್, ಅಲ್ಲೇ ಬಿಟ್ಟಳು. ಆ ತಾಯಿ ಹೊಸ್ತಿಲು ದಾಟಿದ ಗಳಿಗೆಯನ್ನು ನಾನು ಬರೆಯಲಾರೆ. ಹೊಸ ಊರಿನಲ್ಲಿ ಅವಳು ಹೆಸರು ಬದಲಿಸಿಕೊಂಡು ಚಾರಿಟಿ ಆದಳು. ಆ ಹುಡುಗರಿಬ್ಬರನ್ನು ದೂರದ ಕೆಂಟಕಿಗೆ ಮಾರಿದರು, ಅಲ್ಲಿಂದ ಅಲಬಾಮಾಕ್ಕೆ ಒಯ್ದರು. ಮಗ ಲೆವಿನ್ ಅಲ್ಲೇ ತೀರಿಕೊಂಡ.

1850ರ ಆಗಸ್ಟ್. ವಿಲಿಯಂ ಫಿಲಡೆಲ್ಫಿಯಾದ ಆ ಕಚೇರಿಯಲ್ಲಿ ಗುಮಾಸ್ತ. ಟಪಾಲಿಗೆ ಪತ್ರಿಕೆಗಳನ್ನು ಕಟ್ಟುತ್ತಾ ಕೂತಿದ್ದ. ಐವತ್ತರ ಆಸುಪಾಸಿನ ಒಬ್ಬ ಮನುಷ್ಯನನ್ನು ಯಾರೋ ಕರೆತಂದರು. ಅಲಬಾಮಾದಿಂದ ಬಂದವನು, 500 ಡಾಲರ್ ಕೊಟ್ಟು ಬಿಡುಗಡೆ ಪಡೆದವನು. ಚಿಕ್ಕಂದಿನಲ್ಲಿ ಕಳೆದುಹೋದ ಅಪ್ಪ ಅಮ್ಮನನ್ನು ಹುಡುಕುತ್ತಿದ್ದೇನೆ ಅಂದ. ಹೆಸರೇನು ಅಂದರೆ, ಅಪ್ಪ ಲೆವಿನ್, ಅಮ್ಮ ಸಿಡ್ನಿ ಅಂದ.

ವಿಲಿಯಂ ತಕ್ಷಣ ಏನೂ ಹೇಳಲಿಲ್ಲ. ಒಂದೊಂದೇ ಪ್ರಶ್ನೆ ಕೇಳುತ್ತಾ ಹೋದ. ಎದೆ ಬಡಿದುಕೊಳ್ಳುತ್ತಿದ್ದರೂ ಖಾತ್ರಿಯಾಗುವವರೆಗೆ ತಡೆದುಕೊಂಡ. ಆಮೇಲೆ, ನಾನು ನಿನ್ನ ತಮ್ಮ ಅಂದ. ಪೀಟರ್ ಅದನ್ನು ನಂಬಲಿಲ್ಲ! ಇದು ತನ್ನನ್ನು ಮತ್ತೆ ಹಿಡಿದುಕೊಡುವ ಮೋಸ ಅಂತ ಅವನಿಗೆ ಅನುಮಾನ. ನಲವತ್ತು ವರ್ಷ ಹುಡುಕಿದ್ದು ಎದುರಿಗೇ ಕೂತಿದ್ದರೂ ನಂಬಲು ಧೈರ್ಯ ಬರಲಿಲ್ಲ. ಗುಲಾಮಗಿರಿ ಮನುಷ್ಯನಿಗೆ ಏನು ಮಾಡುತ್ತದೆ ಅಂತ ನಿನ್ನ ಮಕ್ಕಳು ಕೇಳಿದರೆ ಇದನ್ನು ಹೇಳು. ಅಮ್ಮ ಆಗ ಎಂಬತ್ತರ ಮುದುಕಿ, ಇನ್ನೂ ಬದುಕಿದ್ದಳು. ಮಗ ಹೋಗಿ ಅವಳ ಮುಂದೆ ನಿಂತ.

ಅಲ್ಲಿಂದ ಮುಂದೆ ವಿಲಿಯಂ ಬರೆದಿಡಲು ಶುರು ಮಾಡಿದ. ಅಷ್ಟಕ್ಕೂ ಒಂದೆರಡು ಹೆಸರು ಗೊತ್ತಿದ್ದಕ್ಕೆ ತಾನೇ ಅಣ್ಣ ಸಿಕ್ಕಿದ್ದು? ಕಚೇರಿಗೆ ಬಂದ ಪ್ರತಿಯೊಬ್ಬರನ್ನೂ ಕೂರಿಸಿ ಕೇಳುತ್ತಿದ್ದ. ಹೆಸರೇನು, ಹೊಸ ಹೆಸರೇನು, ವಯಸ್ಸೆಷ್ಟು, ಯಜಮಾನ ಯಾರು, ಎಂಥವನು, ಹಿಂದೆ ಯಾರನ್ನು ಬಿಟ್ಟು ಬಂದೆ. 1852ರಲ್ಲಿ, ಓಡಿ ಬಂದವರಿಗೆ ನೆರವಾಗುತ್ತಿದ್ದ ಫಿಲಡೆಲ್ಫಿಯಾದ ಜಾಗೃತ ಸಮಿತಿಯನ್ನು ಹೊಸದಾಗಿ ಕಟ್ಟಿದಾಗ ಅದರ ಹೊಣೆ ಅವನ ಹೆಗಲಿಗೆ ಬಂತು. ಬೂಟಿಗೆ ಇಷ್ಟು, ರೈಲು ಟಿಕೆಟ್ಟಿಗೆ ಇಷ್ಟು, ಊಟಕ್ಕೆ ಇಷ್ಟು ಅಂತ ಖರ್ಚನ್ನೂ ಬರೆದಿಡುತ್ತಿದ್ದ. ನಮ್ಮ ಹಳ್ಳಿಯ ಅಂಗಡಿಯ ಲೆಕ್ಕದ ಪುಸ್ತಕದ ಹಾಗೆ. ಸುಮಾರು 800 ಜನರನ್ನು ದಾಟಿಸಿದ ಅನ್ನುತ್ತಾರೆ. ಹ್ಯಾರಿಯೆಟ್ ಟಬ್‌ಮನ್ ತಾನು ಕರೆತಂದವರನ್ನು ಅಲ್ಲಿಗೇ ತರುತ್ತಿದ್ದಳು. ಅವಳ ಹೆಸರು ನಿನಗೆ ಗೊತ್ತು, ತಾನು ಗುಲಾಮಗಿರಿಯಿಂದ ಓಡಿ ಬಂದ ಮೇಲೂ ಮತ್ತೆ ಮತ್ತೆ ವಾಪಸ್ ಹೋಗಿ ಜನರನ್ನು ಬಿಡಿಸಿ ತಂದವಳು. ಅವಳು ಒಂದೊಂದು ಸಲ ವಾಪಸ್ ಹೋಗಲು ಬೇಕಾದ ದುಡ್ಡನ್ನು ಅಡುಗೆ ಕೆಲಸ, ಮನೆಗೆಲಸ ಮಾಡಿ ಕೂಡಿಸುತ್ತಿದ್ದಳು ಅನ್ನುವುದನ್ನೂ ಸೇರಿಸಿ ಹೇಳು.

ಆ ಕಾಗದಗಳು ಯಾರ ಕೈಗಾದರೂ ಸಿಕ್ಕಿದ್ದರೆ ಬಂದವರು, ಬರಮಾಡಿಕೊಂಡವರು ಎಲ್ಲರ ಕಥೆ ಮುಗಿಯುತ್ತಿತ್ತು. ಹಾಗಾಗಿ ಸ್ಟಿಲ್ ಅವನ್ನು ಲೆಬನಾನ್ ಸ್ಮಶಾನದ ಕಟ್ಟಡವೊಂದರಲ್ಲಿ ಬಚ್ಚಿಟ್ಟ. ಅದು ಕಪ್ಪು ಜನರದೇ ಸ್ಮಶಾನ. ಬದುಕಿದ್ದವರ ಗುಟ್ಟನ್ನು ಸತ್ತವರ ಸುಪರ್ದಿಗೆ ಕೊಟ್ಟ ಹಾಗಾಯಿತು. ಅಮೆರಿಕದ ಅಂತರ್ಯುದ್ಧ ಮುಗಿದು, ಗುಲಾಮಗಿರಿ ಹೋದ ಮೇಲೆ, 1872ರಲ್ಲಿ ಅವನ್ನೆಲ್ಲ ಪುಸ್ತಕವಾಗಿ ಅಚ್ಚು ಹಾಕಿಸಿದ. ಕಳೆದುಹೋದ ಮನೆಯವರು ಅದನ್ನು ನೋಡಿ ಒಬ್ಬರನ್ನೊಬ್ಬರು ಹುಡುಕಿಕೊಳ್ಳಲಿ ಅಂತ ಅವನ ಆಸೆ.

ಸ್ಟಿಲ್ ಹೆಂಡತಿ ಲೆಟಿಷಿಯಾ ಬಗ್ಗೆ ಯಾರೂ ಅಷ್ಟಾಗಿ ಮಾತಾಡುವುದಿಲ್ಲ. ನನಗೆ ಅದು ಬೇಜಾರಿನ ವಿಷಯ. ಅವಳು ಬಟ್ಟೆ ಹೊಲಿಯುವವಳು. ಬಂದವರು ಉಳಿಯುತ್ತಿದ್ದುದು ಅವಳ ಮನೆಯಲ್ಲಿ. 15 ವರ್ಷದ ಆನ್ ಮರಿಯಾ ವೀಮ್ಸ್ ಎಂಬ ಹುಡುಗಿ 1855ರಲ್ಲಿ ಗಾಡಿ ಹೊಡೆಯುವ ಹುಡುಗನ ವೇಷ ಹಾಕಿಕೊಂಡು ಬಂದು ಸ್ಟಿಲ್ ಮನೆಯಲ್ಲೇ ತಂಗಿದ್ದಳು. ಹೀಗೆ ಬಂದವರಿಗೆಲ್ಲ ಬಿಸಿನೀರು ಕಾಯಿಸಿದವರು, ಹರಿದ ಬಟ್ಟೆ ಬದಲಿಸಿ ಕೊಟ್ಟವರು, ಬೀದಿಯಲ್ಲಿ ಹೋಗುವವರಿಗೆ ಅನುಮಾನ ಬಾರದ ಹಾಗೆ ಬೆಳಿಗ್ಗೆ ಬಾಗಿಲು ತೆರೆದು ಎಂದಿನಂತೆ ಓಡಾಡಿದವರು ಇಂಥ ಹೆಂಗಸರೇ ಅಲ್ವಾ?

1850ರ ಸೆಪ್ಟೆಂಬರಿನಲ್ಲಿ ಬಂದ ಕಾನೂನಿನ ಬಗ್ಗೆ ಸ್ವಲ್ಪ ಹೇಳಬೇಕು. ಓಡಿ ಬಂದ ಗುಲಾಮರನ್ನು ಹಿಡಿದುಕೊಡುವ ಕಾನೂನು ಅದು, ಇಡೀ ದೇಶಕ್ಕೆ. ಸಹಾಯ ಮಾಡಿದವರಿಗೆ 1,000 ಡಾಲರ್ ದಂಡ, ಆರು ತಿಂಗಳ ಜೈಲು. ಸಿಕ್ಕಿಬಿದ್ದವನಿಗೆ ತನ್ನ ಪರವಾಗಿ ಸಾಕ್ಷಿ ಹೇಳುವ ಹಕ್ಕಿಲ್ಲ, ಜ್ಯೂರಿ ಇಲ್ಲ. ತೀರ್ಪು ಕೊಡುವ ಕಮಿಷನರ್ ಅವನನ್ನು ಗುಲಾಮ ಅಂತ ಹೇಳಿ ಕಳಿಸಿದರೆ 10 ಡಾಲರ್ ಫೀಸು, ಬಿಟ್ಟರೆ 5. ಕಾನೂನಿನಲ್ಲೇ ಹಾಗೆ ಬರೆದಿತ್ತು.

ಇದರಿಂದ ಹುಟ್ಟಿನಿಂದಲೇ ಸ್ವತಂತ್ರರಾದವರಿಗೂ ಕುತ್ತು ಬಂತು. ಆ ಡಿಸೆಂಬರಿನಲ್ಲೇ ಫಿಲಡೆಲ್ಫಿಯಾದಲ್ಲಿ ಆಡಂ ಗಿಬ್ಸನ್ ಎಂಬವನನ್ನು ಹಿಡಿದರು. ಹಿಡಿದವನು ಜಾರ್ಜ್ ಆಲ್ಬರ್ಟಿ, ಮನುಷ್ಯರನ್ನು ಹಿಡಿದುಕೊಡುವುದನ್ನೇ ದಂಧೆ ಮಾಡಿಕೊಂಡವನು. ಕಮಿಷನರ್ ಅವತ್ತೇ ಗಿಬ್ಸನ್‌ನನ್ನು ಮೇರಿಲ್ಯಾಂಡಿಗೆ ಕಳಿಸಲು ಹೇಳಿದ. ಅಲ್ಲಿ ಯಜಮಾನ ನೋಡಿ, ಇವನು ನನ್ನವನಲ್ಲ, ನನ್ನವನು ಬೇರೆ ಅಂದ! ಗಿಬ್ಸನ್ ಬದುಕಿ ವಾಪಸ್ ಬಂದ. ಆ ಯಜಮಾನ ಸುಮ್ನೆ ಬಾಯಿ ಮುಚ್ಚಿಕೊಂಡಿದ್ದರೆ ಏನಾಗುತ್ತಿತ್ತು? ಆಲ್ಬರ್ಟಿಯ ಹೆಸರು ನೆನಪಿಟ್ಟುಕೋ, ಮತ್ತೆ ಬರುತ್ತದೆ.

ಇನ್ನು ಕ್ರಿಸ್ಟಿಯಾನ. ಇದು ಫಿಲಡೆಲ್ಫಿಯಾದಿಂದ ಪಶ್ಚಿಮಕ್ಕೆ, ಲ್ಯಾಂಕಾಸ್ಟರ್ ಜಿಲ್ಲೆಯ ಸಣ್ಣ ಊರು. ಮೇರಿಲ್ಯಾಂಡ್ ಗಡಿಗೆ ಹತ್ತಿರ. ಅಲ್ಲಿ ಹೊಲದ ಕೆಲಸ ಮಾಡಿಕೊಂಡು ತುಂಬಾ ಕಪ್ಪು ಜನ ಇದ್ದರು. ಕೆಲವರು ಸ್ವತಂತ್ರರು, ಕೆಲವರು ಓಡಿ ಬಂದವರು, ಯಾರು ಯಾವುದು ಅಂತ ಯಾರೂ ಕೇಳುತ್ತಿರಲಿಲ್ಲ. ಆ ಸುತ್ತಿನಲ್ಲಿ ರಾತ್ರೋರಾತ್ರಿ ಮನೆಗೆ ನುಗ್ಗಿ ಕಪ್ಪು ಜನರನ್ನು ಎಳೆದೊಯ್ದು ಮಾರುವ ತಂಡವೊಂದಿತ್ತು. ವಿಲಿಯಂ ಪಾರ್ಕರ್ ಎಂಬ ಯುವಕ, ತಾನೂ ಮೇರಿಲ್ಯಾಂಡಿನಿಂದ ಓಡಿ ಬಂದವನು, ಅಕ್ಕಪಕ್ಕದವರನ್ನು ಸೇರಿಸಿ ಒಂದು ಕೂಟ ಕಟ್ಟಿದ್ದ. ಯಾರ ಮನೆಗೆ ಹಾವಳಿ ಬಂದರೂ ಎಲ್ಲರೂ ಓಡಿ ಬರಬೇಕು. ಕಹಳೆ ಊದಿದರೆ ಅದೇ ಕರೆ.

1851ರ ಸೆಪ್ಟೆಂಬರ್ 11ರ ನಸುಕು. ಎಡ್ವರ್ಡ್ ಗೋರ್ಸಚ್ ಎಂಬ ಮೇರಿಲ್ಯಾಂಡಿನ ಯಜಮಾನ ಎರಡು ವರ್ಷದ ಹಿಂದೆ ಓಡಿ ಹೋದ ನಾಲ್ವರನ್ನು ಹುಡುಕುತ್ತಾ ಪಾರ್ಕರ್ ಮನೆಗೆ ಬಂದ. ಜೊತೆಗೆ ಮಗ, ನೆಂಟರು, ವಾರಂಟ್ ಹಿಡಿದ ಕೇಂದ್ರದ ಅಧಿಕಾರಿ. ಆದರೆ ಸುದ್ದಿ ಅವರಿಗಿಂತ ಮೊದಲೇ ಬಂದಿತ್ತು. ಫಿಲಡೆಲ್ಫಿಯಾದಲ್ಲಿ ವಾರಂಟ್ ಬರೆದ ಸುಳಿವು ಸಿಕ್ಕ ಕೂಡಲೇ ಸ್ಯಾಮ್ಯುಯಲ್ ವಿಲಿಯಮ್ಸ್ ಎಂಬ ಕಪ್ಪು ಮನುಷ್ಯ ಅಲ್ಲಿಂದ ಹೊರಟು ಬಂದು ಎಚ್ಚರಿಸಿದ್ದ.

ಕಲ್ಲಿನ ಮನೆ. ಒಳಗೆ ಪಾರ್ಕರ್, ಹೆಂಡತಿ ಎಲಿಜಾ, ಅವಳ ತಂಗಿ ಹಾನಾ, ತಂಗಿಯ ಗಂಡ, ಇನ್ನೂ ಮೂವರು ಗಂಡಸರು. ಎಲ್ಲ ಮಹಡಿಯ ಮೇಲೆ. ಕೆಳಗೆ ಬಂದೂಕು. ಸ್ವಲ್ಪ ಹೊತ್ತು ವಾಗ್ವಾದ ನಡೆಯಿತು. ಎಲಿಜಾ ಗಂಡನನ್ನು ಕೇಳಿದಳು, ಕಹಳೆ ಊದಲಾ? ಊದು ಅಂದ. ಅವಳು ಕಿಟಕಿಗೆ ಹೋಗಿ ಊದಿದಳು. ಹೊರಗಿನವರಿಗೆ ತಕ್ಷಣ ಅರ್ಥವಾಯಿತು. ಇಬ್ಬರು ಮನೆ ಪಕ್ಕದ ಪೀಚ್ ಮರ ಹತ್ತಿ ಅವಳತ್ತ ಗುಂಡು ಹಾರಿಸಿದರು. ಎಲಿಜಾ ಕಿಟಕಿಯ ಕೆಳಗೆ ಮೊಣಕಾಲೂರಿ ಕೂತಳು. ಕಹಳೆಯನ್ನು ಕಿಟಕಿಯ ಕಟ್ಟೆಯ ಮೇಲಿಟ್ಟು ಮತ್ತೆ ಊದಿದಳು. ಹತ್ತು ಹನ್ನೆರಡು ಗುಂಡು ಬಂದವು. ದಪ್ಪ ಕಲ್ಲಿನ ಗೋಡೆ ಅವಳನ್ನು ಕಾಯಿತು. ಅವಳು ಊದುತ್ತಲೇ ಇದ್ದಳು.

ನಡುವೆ ಒಳಗಿದ್ದ ಒಬ್ಬನಿಗೆ ಎದೆಗುಂದಿತು, ಶರಣಾಗೋಣ ಅಂದ. ಎಲಿಜಾ ಜೋಳ ಕತ್ತರಿಸುವ ಕತ್ತಿ ಎತ್ತಿಕೊಂಡಳು. ಯಾರು ಮೊದಲು ಶರಣಾಗುತ್ತಾರೋ ಅವರ ತಲೆ ಕಡಿಯುತ್ತೇನೆ ಅಂದಳು. ಇದನ್ನು ಪಾರ್ಕರನೇ ಮುಂದೆ ಬರೆದಿದ್ದಾನೆ. ಅವಳೂ ಗುಲಾಮಗಿರಿಯಿಂದ ತಪ್ಪಿಸಿಕೊಂಡು ಬಂದವಳೇ. ಸಿಕ್ಕಿಬಿದ್ದರೆ ಅವಳಿಗೂ ಅದೇ ಗತಿ.

ಜನ ಬಂದರು. ಹೊಲಗಳಿಂದ, ದಾರಿಗಳಿಂದ, ಬೆಳಗಿನ ಮಂಜಿನಲ್ಲಿ. ಕೈಯಲ್ಲಿ ಬಂದೂಕು, ಕುಡುಗೋಲು, ಕತ್ತಿ, ಸಿಕ್ಕಿದ್ದು. ಕ್ಯಾಸ್ಟ್ನರ್ ಹ್ಯಾನ್‌ವೇ ಎಂಬ ಬಿಳಿ ಗಿರಣಿಯವನೂ ಕುದುರೆ ಮೇಲೆ ಬಂದ. ಅಧಿಕಾರಿ, ನಮಗೆ ಸಹಾಯ ಮಾಡು ಅಂತ ಹುಕುಂ ಮಾಡಿದ. ಮಾಡುವುದಿಲ್ಲ ಅಂದ. ಗಲಾಟೆ ಹತ್ತಿಕೊಂಡಿತು. ಅದು ನಿಂತಾಗ ಗೋರ್ಸಚ್ ಸತ್ತು ಬಿದ್ದಿದ್ದ, ಅವನ ಮಗನಿಗೆ ತೀವ್ರ ಗಾಯವಾಗಿತ್ತು. ಆ ನಾಲ್ವರಲ್ಲಿ ಒಬ್ಬರೂ ಅವರ ಕೈಗೆ ಸಿಗಲಿಲ್ಲ.

ಒಬ್ಬ ಮನುಷ್ಯ ಸತ್ತದ್ದನ್ನು ನಾನು ಸಂಭ್ರಮದಿಂದ ಬರೆಯುತ್ತಿಲ್ಲ. ಆದರೆ ನಸುಕಿನಲ್ಲಿ ಬಂದೂಕು ಹಿಡಿದು ಮನುಷ್ಯರನ್ನು ಒಯ್ಯಲು ಬಂದವರು ಯಾರು, ಮಲಗಿದ್ದವರು ಯಾರು ಅನ್ನುವುದನ್ನು ಮರೆಯಬಾರದು.

ಪಾರ್ಕರ್ ಮತ್ತಿಬ್ಬರು ತಲೆಮರೆಸಿಕೊಂಡು ನ್ಯೂಯಾರ್ಕ್ ರಾಜ್ಯದ ರೋಚೆಸ್ಟರ್ ತಲುಪಿದರು. ಅಲ್ಲಿ ಫ್ರೆಡರಿಕ್ ಡಗ್ಲಾಸ್ ಮನೆ. ಅವನೂ ಒಂದು ಕಾಲಕ್ಕೆ ಗುಲಾಮ, ಆಗ ಇಡೀ ದೇಶಕ್ಕೆ ಗೊತ್ತಿದ್ದ ಮಾತುಗಾರ. ಅವನೇ ಅವರನ್ನು ಗಾಡಿಯಲ್ಲಿ ಕರೆದೊಯ್ದು ಕೆನಡಾ ಹಡಗು ಹತ್ತಿಸಿದ. ಹೊರಡುವಾಗ ಪಾರ್ಕರ್ ಅವನ ಕೈಗೆ ಗೋರ್ಸಚ್‌ನ ಪಿಸ್ತೂಲು ಕೊಟ್ಟ. ಇತ್ತ ಸರ್ಕಾರ 38 ಜನರ ಮೇಲೆ ದೇಶದ್ರೋಹದ ಆರೋಪ ಹೊರಿಸಿತು. ಹ್ಯಾನ್‌ವೇ ವಿಚಾರಣೆ ಮೊದಲು ನಡೆಯಿತು. ಎಲ್ಲಿ ಅಂತೀಯ? ಅಮೆರಿಕ ತನ್ನ ಸ್ವಾತಂತ್ರ್ಯ ಘೋಷಿಸಿದ ಇಂಡಿಪೆಂಡೆನ್ಸ್ ಹಾಲಿನ ಮಹಡಿಯಲ್ಲಿ. ಜ್ಯೂರಿ ಕಾಲು ಗಂಟೆಯಲ್ಲಿ ಹೊರಗೆ ಬಂದು ತಪ್ಪಿತಸ್ಥನಲ್ಲ ಅಂದಿತು. ಮಿಕ್ಕವರ ಮೇಲಿನ ದೇಶದ್ರೋಹದ ಕೇಸೂ ಬಿದ್ದುಹೋಯಿತು. ಊರಿಂದ ನೆಂಟರು ಬಂದಾಗ ನಾನು ಅವರನ್ನು ಆ ಕಟ್ಟಡಕ್ಕೆ ಎಷ್ಟೋ ಸಲ ಕರೆದೊಯ್ದಿದ್ದೇನೆ. ಕೆಳಗಿನ ಕೋಣೆಯ ಕಥೆಯನ್ನೇ ಹೇಳುತ್ತಿದ್ದೆ. ಮೇಲಿನದು ನನಗೇ ಗೊತ್ತಿರಲಿಲ್ಲ.

ಪಾರ್ಕರ್ ಮತ್ತು ಎಲಿಜಾ ಕೆನಡಾದ ಬಕ್ಸ್‌ಟನ್ ಎಂಬ ಊರಿನಲ್ಲಿ ಮತ್ತೆ ಒಂದಾದರು. 1849ರಲ್ಲಿ ಶುರುವಾದ ಊರು, ಓಡಿ ಬಂದವರು ತಾವೇ ಕಾಡು ಕಡಿದು ಹೊಲ ಮಾಡಿಕೊಂಡದ್ದು. ಅವರ ಶಾಲೆ ಎಷ್ಟು ಚೆನ್ನಾಗಿತ್ತೆಂದರೆ ಸುತ್ತಲಿನ ಬಿಳಿಯರೂ ಮಕ್ಕಳನ್ನು ಅಲ್ಲಿಗೇ ಕಳಿಸಿದರು. ಪಿಟ್ಸ್‌ಬರ್ಗ್ ನಗರದ ಕಪ್ಪು ಜನ ಚಂದಾ ಎತ್ತಿ ಆ ಊರಿಗೆ ಒಂದು ಗಂಟೆ ಕಳಿಸಿಕೊಟ್ಟರು. ಯೋಚಿಸು, ತಾವು ಇನ್ನೂ ಕುತ್ತಿನಲ್ಲೇ ಇದ್ದವರು, ಪಾರಾದವರಿಗೆ ಕಳಿಸಿದ ಗಂಟೆ ಅದು.

ಹೋದ ತಿಂಗಳು ನಾನು ಟಿಂಬಕ್ಟೂಗೆ ಹೋಗಿದ್ದೆ. ಆಫ್ರಿಕದ್ದಲ್ಲ, ಅದೇ ಹೆಸರಿನ ನ್ಯೂಜೆರ್ಸಿಯ ಊರು, ರಾಂಕೋಕಸ್ ಹೊಳೆಯ ದಂಡೆಯದು. 1826ರಲ್ಲಿ ಕಪ್ಪು ಜನ ಒಬ್ಬ ಕ್ವೇಕರನಿಂದ ಸಣ್ಣ ಸಣ್ಣ ತುಂಡು ನೆಲ ಕೊಂಡು ಕಟ್ಟಿಕೊಂಡದ್ದು. ದೊಡ್ಡದೇನೂ ಆಗಲಿಲ್ಲ, ನೂರಿಪ್ಪತ್ತು ಜನರ ಊರು. ಈಗ ಮೇಲೆ ಹುಲ್ಲು. ಅಗೆದು ನೋಡಿದವರಿಗೆ ಮನೆಗಳ ಅಡಿಪಾಯ ಸಿಕ್ಕಿದೆ. ಕಣ್ಣಿಗೆ ಕಾಣುವುದು ಸ್ಮಶಾನ ಮಾತ್ರ. ಅಲ್ಲಿ ಅಂತರ್ಯುದ್ಧದಲ್ಲಿ ಹೋರಾಡಿದ ಕಪ್ಪು ಸೈನಿಕರ ಸಮಾಧಿ ಕಲ್ಲುಗಳಿವೆ. ಸಣ್ಣ ಮಳೆ ಬಂದು ನಿಂತಿತ್ತು. ಹೆಸರು ಓದುತ್ತಾ ನಡೆದೆ. ಬೇರೆ ಯಾರೂ ಇರಲಿಲ್ಲ.

1860ರ ಡಿಸೆಂಬರಿನಲ್ಲಿ ಜಾರ್ಜ್ ಆಲ್ಬರ್ಟಿ ಈ ಊರಿಗೆ ಬಂದ. ಅದೇ ಆಲ್ಬರ್ಟಿ. ಪೆರಿ ಸಿಮನ್ಸ್ ಎಂಬವನನ್ನು ಹಿಡಿಯಲು ಜನ ಕಟ್ಟಿಕೊಂಡು ರಾತ್ರಿ ಬಂದ. ಸಿಮನ್ಸ್ ಅಟ್ಟ ಹತ್ತಿ ಕೂತ. ಕೂಗಾಟ ಕೇಳಿ ಅಕ್ಕಪಕ್ಕದವರು ಎದ್ದು ಬಂದರು, ಕೈಯಲ್ಲಿ ಆಯುಧವಿತ್ತು. ಹತ್ತು ವರ್ಷದ ಹಿಂದೆ ಗಿಬ್ಸನ್‌ನನ್ನು ಹಾಡಹಗಲೇ ಒಯ್ದವನು ಈ ಪುಟ್ಟ ಊರಿನಿಂದ ಬರಿಗೈಯಲ್ಲಿ ಓಡಿದ. ಪೈನ್ ಸ್ವಾಂಪ್ ಕದನ ಅಂತ ಅದಕ್ಕೆ ಹೆಸರಾಯಿತು.

ವಾಪಸ್ ಬರುವಾಗ ಸೀದಾ ಮನೆಗೆ ಬರಲಿಲ್ಲ. ಫಿಲಡೆಲ್ಫಿಯಾಕ್ಕೆ ಕಾರು ತಿರುಗಿಸಿದೆ. ಲೆಟಿಷಿಯಾ ಮತ್ತು ವಿಲಿಯಂ ಸ್ಟಿಲ್ ಇದ್ದ ಮನೆ ಯಾವುದು ಅಂತ ತುಂಬಾ ಕಾಲ ಯಾರಿಗೂ ಗೊತ್ತಿರಲಿಲ್ಲ. ಕೆಲವು ವರ್ಷಗಳ ಹಿಂದೆ ಪತ್ತೆಯಾಯಿತು. ಹೇಗೆ ಗೊತ್ತಾ? ಲೆಟಿಷಿಯಾ ತನ್ನ ಹೊಲಿಗೆ ಕೆಲಸಕ್ಕೆ ಪತ್ರಿಕೆಯಲ್ಲಿ ಕೊಟ್ಟ ಒಂದು ಜಾಹೀರಾತಿನಲ್ಲಿ ವಿಳಾಸದ ಸುಳಿವಿತ್ತು. ಆ ಬೀದಿಗೆ ಈಗ ಡೆಲ್ಲಿ ಸ್ಟ್ರೀಟ್ ಅಂತ ಹೆಸರು. ನಮ್ಮ ದೆಹಲಿಯ ಹೆಸರೇ! ಬೀದಿ ಇಕ್ಕಟ್ಟು. ಇಟ್ಟಿಗೆ ಮನೆಗಳು ಒಂದಕ್ಕೊಂದು ಅಂಟಿಕೊಂಡಿವೆ. ಈ ಸಾಲಿನಲ್ಲಿ ಗುಟ್ಟು ಕಾಪಾಡುವುದು ಹೇಗೆ ಅಂತ ನಿಂತು ಯೋಚಿಸಿದೆ. ಪಕ್ಕದ ಮನೆಯವರು ಕೆಮ್ಮಿದರೂ ಕೇಳಿಸುವಷ್ಟು ಹತ್ತಿರ. ಅಂದರೆ ಪಕ್ಕದ ಮನೆಯವರಿಗೂ ಗೊತ್ತಿದ್ದಿರಬೇಕು ಕಣೋ. ಎದುರು ಮನೆಯವರಿಗೂ.

ಬಾಗಿಲಿನ ಫೋಟೊ ತೆಗೆದು ಈ ಪತ್ರದ ಜೊತೆ ಕಳಿಸಿದ್ದೇನೆ. ಪ್ರಿಂಟ್ ಹಾಕಿಸಿ ಆ ಹುಡುಗಿಗೆ ಕೊಡು. ಎಲಿಜಾಳ ಕಹಳೆಯ ಕಥೆಯನ್ನು ಮೊದಲು ಹೇಳು, ಉಳಿದದ್ದು ಆಮೇಲೆ. ಅವಳು ಮತ್ತೆ ಏನು ಕೇಳಿದಳು ಅಂತ ಮರೆಯದೆ ಬರಿ.

ನಿನ್ನ ಗೆಳೆಯ